ಎರಡನೇ ಮಗುವಿನ ಹತ್ತಿರ ಹೋಗದ ತಾಯಿ

ಅವಳಿ ಮಕ್ಕಳು ದಿನ ತುಂಬುವ ಮುಂಚೆ ಹುಟ್ಟಿ ಎನ್‌ಐಸಿಯುನಲ್ಲಿ, ಅಂದರೆ ಎಳೆ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇರುವಾಗ, ಮನೆಯವರು ಆಪ್ತಸಲಹೆ ಕೊಡುವ ನನ್ನ ಹತ್ತಿರ ತರುವ ಒಂದು ದೂರು ಮತ್ತೆ ಮತ್ತೆ ಬರುತ್ತದೆ. "ಇವಳು ಒಂದು ಮಗುವನ್ನು ಮಾತ್ರ ನೋಡ್ತಾಳೆ. ಇನ್ನೊಂದರ ಕಡೆ ತಿರುಗಿಯೂ ನೋಡಲ್ಲ." ಹೇಳುವವರು ಗಂಡ, ಅತ್ತೆ, ಅಕ್ಕ, ಕೆಲವು ಸಲ ನರ್ಸ್. ದನಿಯಲ್ಲಿ ಗಾಬರಿಗಿಂತ ಬೇಸರವೇ ಜಾಸ್ತಿ. ಹೆತ್ತವಳು ಹೀಗೆ ಮಾಡಬಹುದಾ ಅನ್ನುವ ಬೇಸರ. ಆ ಬೇಸರ ತಪ್ಪು ಕಡೆ ತಿರುಗಿದೆ ಎಂದು ಹೇಳುವುದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಹೆರಿಗೆ ಆಗಿದ್ದು 29ನೇ ವಾರದಲ್ಲಿ. 37 ವಾರ ತುಂಬುವ ಮುಂಚೆ ಹುಟ್ಟಿದರೇ ಅವಧಿಗೆ ಮುನ್ನ ಅನ್ನುತ್ತಾರೆ, ಇವು ಅದಕ್ಕಿಂತ ಎಷ್ಟೋ ಮೊದಲು ಬಂದಿದ್ದವು. ಮೊದಲನೆಯದು 1,300 ಗ್ರಾಂ, ಎರಡನೆಯದು 890 ಗ್ರಾಂ. ಮೊದಲನೆಯದಕ್ಕೆ ಮೂಗಿಗೆ ಹಾಕಿ ಗಾಳಿಯ ಒತ್ತಡದಿಂದ ಉಸಿರಿಗೆ ನೆರವಾಗುವ ಸಿಪ್ಯಾಪ್ ಸಾಕಾಗಿತ್ತು. ಎರಡನೆಯದು ವೆಂಟಿಲೇಟರ್‌ನಲ್ಲಿತ್ತು. ತಾಯಿ ಎದ್ದು ಓಡಾಡುವಷ್ಟಾದ ಮೇಲೆ ದಿನಾ ಒಳಗೆ ಹೋಗುತ್ತಿದ್ದರು. ಕೈ ತೊಳೆದು, ಗೌನ್ ಹಾಕಿ, ಮೊದಲನೆಯದರ ಇನ್‌ಕ್ಯುಬೇಟರ್ ಪಕ್ಕ ಕೂರುತ್ತಿದ್ದರು. ಹೊರಡುವಾಗ ಎರಡನೆಯದರ ಮುಂದೆ ಹಾದು ಬರಬೇಕಾಗುತ್ತದೆ ಅಂತ ಗೋಡೆ ಬದಿಯಿಂದ ಸುತ್ತಿ ಬರುತ್ತಿದ್ದರು. ಇದನ್ನು ಗಮನಿಸಿದ್ದು ಒಬ್ಬ ನರ್ಸ್.

ಮೊದಲ ಭೇಟಿಯಲ್ಲಿ ಹೆಚ್ಚಿಗೆ ಏನೂ ಆಗಲಿಲ್ಲ. ಅವರನ್ನು ಕೊರೆಯುತ್ತಿದ್ದ ಒಂದು ಪ್ರಶ್ನೆ ಮಾತ್ರ ಹೊರಬಂತು. ಯಾರೋ ನೆಂಟರು, "ಒಂದರ ಪಾಲನ್ನು ಇನ್ನೊಂದು ತಿಂದುಬಿಟ್ಟಿದೆ" ಅಂದಿದ್ದರಂತೆ. ಹಾಗೇನಿಲ್ಲ. ಅವಳಿಗಳಿಗೆ ಮಾಸಿನಿಂದ ರಕ್ತ ಒಂದೇ ಸಮ ಹೋಗದಿರುವುದು ಉಂಟು, ಆಗ ಒಂದು ಮಗು ಸಣ್ಣದಾಗುತ್ತದೆ. ಅದರಲ್ಲಿ ಮಗುವಿನ ತಪ್ಪೂ ಇಲ್ಲ, ತಾಯಿ ಉಂಡಿದ್ದು, ಬಿಟ್ಟಿದ್ದು, ಕೆಲಸಕ್ಕೆ ಹೋಗಿದ್ದು ಯಾವುದೂ ಕಾರಣವಲ್ಲ. ಇದನ್ನು ನಾನು ಹೇಳುವ ಬದಲು ಡಾಕ್ಟರ ಬಾಯಿಂದಲೇ ಹೇಳಿಸಿದೆ. ಇಂಥ ಮಾತು ಬಿಳಿ ಕೋಟಿನವರು ಹೇಳಿದರೆ ಬೇಗ ಇಳಿಯುತ್ತದೆ, ಅದರಲ್ಲಿ ನನಗೇನೂ ಬೇಜಾರಿಲ್ಲ.

ಎರಡನೇ ಸಲ ಬಂದಾಗ ಕೈಯಲ್ಲಿ ಹಾಲಿನ ಪುಟ್ಟ ಬಾಟಲಿಗಳಿದ್ದವು. ಈ ವಯಸ್ಸಿನ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಬರುವುದಿಲ್ಲ. ಅದು ಬರುವುದು ಗರ್ಭದ ಲೆಕ್ಕದಲ್ಲಿ ಸುಮಾರು 32-34 ವಾರದ ಹೊತ್ತಿಗೆ. ಅಲ್ಲಿಯವರೆಗೆ ತಾಯಿ ಹಿಂಡಿ ಕೊಟ್ಟ ಹಾಲನ್ನು ನಳಿಕೆಯಲ್ಲಿ ಹನಿ ಹನಿ ಹಾಕುತ್ತಾರೆ. ಎಳೆ ಕರುಳಿಗೆ ಬರುವ ಭಯಂಕರ ಕಾಯಿಲೆಯ ಅಪಾಯ ಈ ಹಾಲಿನಿಂದ ಕಡಿಮೆಯಾಗುತ್ತದೆ. ಆಕೆ ರಾತ್ರಿ ಎದ್ದೆದ್ದು ಹಿಂಡುತ್ತಿದ್ದರು, ಒಂದು ಹೊತ್ತೂ ತಪ್ಪಿಸುತ್ತಿರಲಿಲ್ಲ. ಪ್ರತಿ ಬಾಟಲಿಯ ಚೀಟಿಯ ಮೇಲೆ ಅವರ ಹೆಸರು, ತಾರೀಕು, ಸಮಯ ಇತ್ತು. ಮೂಲೆಯಲ್ಲಿ ದುಂಡಗೆ ಒಂದು "1". ಎಲ್ಲದರ ಮೇಲೂ "1".

"ಎರಡನೆಯದಕ್ಕೆ?" ಅಂದೆ.

"ನರ್ಸ್ ಇದರಲ್ಲೇ ತೆಗೆದುಕೊಂಡು ಹಾಕ್ತಾರೆ."

"ನೀವು ಬರೆಯಲ್ವಾ?"

ಸುಮಾರು ಹೊತ್ತು ಚೀಟಿಯ ಅಂಚನ್ನು ಉಗುರಿನಲ್ಲಿ ಕೆರೆಯುತ್ತಾ ಕೂತರು. ಆಮೇಲೆ ಅಂದರು: "ಅದಕ್ಕೆ ಅಂತ ಬರೆದಿಟ್ಟು, ನಾಳೆ ಅದು ಇಲ್ಲದೇ ಹೋದ್ರೆ? ಬಾಟಲಿ ಫ್ರಿಜ್‌ನಲ್ಲಿ ಹಾಗೇ ಇರುತ್ತಲ್ವಾ ಮೇಡಂ."

ಮನೆಯವರು ಕಲ್ಲುಮನಸ್ಸು ಅಂದುಕೊಂಡಿದ್ದು ಇದನ್ನು. ಪ್ರೀತಿ ಇಲ್ಲದವರು ಹೀಗೆ ಯೋಚಿಸುವುದಿಲ್ಲ. ಆ ಮಗುವಿನ ಸಾವನ್ನು ಆಕೆ ದಿನಾ ಮನಸ್ಸಿನಲ್ಲಿ ಅನುಭವಿಸುತ್ತಿದ್ದರು. ಹತ್ತಿರ ಹೋಗದಿದ್ದರೆ ನೋವು ಕಡಿಮೆ ಆದೀತು ಅನ್ನುವ ಲೆಕ್ಕ.

"ಹಾಗೆಲ್ಲ ಅಂದುಕೋಬೇಡಿ, ಏನೂ ಆಗಲ್ಲ" ಎಂದು ನಾನು ಹೇಳಲಿಲ್ಲ. 890 ಗ್ರಾಂ ಮಗು ವೆಂಟಿಲೇಟರ್‌ನಲ್ಲಿ ಇರುವಾಗ ಏನೂ ಆಗಲ್ಲ ಅನ್ನುವ ಹಕ್ಕು ಡಾಕ್ಟರಿಗೂ ಇಲ್ಲ, ನನಗೆಲ್ಲಿಂದ ಬರಬೇಕು? "ಹೋಗಲೂಬಹುದು, ಉಳಿಯಲೂಬಹುದು. ಎರಡರಲ್ಲಿ ಯಾವುದಾದರೂ ಇವತ್ತು ಅದು ಇದೆ. ಇವತ್ತಿನ ಮಟ್ಟಿಗೆ ಏನು ಮಾಡಬಹುದು ನೋಡೋಣ" ಅಂದೆ. ಆಮೇಲೆ ಆಕೆ ಅತ್ತರು. ಹೆರಿಗೆಯಾದ ಮೇಲೆ ಅತ್ತಿದ್ದು ಅದೇ ಮೊದಲಂತೆ.

ಕೊಟ್ಟ ಸಲಹೆ ಚಿಕ್ಕದು. ದಿನಕ್ಕೊಂದು ಸಲ, ನರ್ಸ್ ಸರಿ ಅಂದ ಹೊತ್ತಿನಲ್ಲಿ, ಎರಡನೆಯದರ ಹತ್ತಿರ ಹೋಗಿ. ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಕೈಯಲ್ಲಿ ಮಡಚಿದ ಕಾಲುಗಳನ್ನು ಒಟ್ಟಿಗೆ ಹಿಡಿದುಕೊಳ್ಳಿ. ಸವರಬೇಡಿ, ತಟ್ಟಬೇಡಿ. ಇಷ್ಟು ಬೇಗ ಹುಟ್ಟಿದ ಮಗುವಿನ ಚರ್ಮ ತೆಳು, ನರಗಳಿನ್ನೂ ಎಳಸು. ಸವರಿದರೆ ಅದಕ್ಕೆ ಜಾಸ್ತಿಯಾಗಿ ಸುಸ್ತಾಗುತ್ತದೆ. ಅಲುಗಾಡದ ಕೈ ಅದಕ್ಕೆ ಹಿತ. ಐದು ನಿಮಿಷ ಸಾಕು. ಬೇಡ ಅನ್ನಿಸಿದರೆ ಎದ್ದು ಬನ್ನಿ. ಇಬ್ಬರಿಗೂ ಸಮಪಾಲು ಹೊತ್ತು ಕೊಡಬೇಕು ಅನ್ನುವ ಲೆಕ್ಕ ಬಿಟ್ಟುಬಿಡಿ. ಎನ್‌ಐಸಿಯುನಲ್ಲಿ ಯಾವ ತಾಯಿಯಿಂದಲೂ ಅದು ಆಗುವುದಿಲ್ಲ.

ಇದನ್ನು ಕೇಳಿ ಅತ್ತೆಗೆ ಸಿಟ್ಟು ಬಂತು. "ಉಳಿಯುತ್ತೋ ಇಲ್ವೋ ಗೊತ್ತಿಲ್ಲದ್ದಕ್ಕೆ ಅವಳನ್ನ ಯಾಕೆ ಅಂಟಿಸ್ತೀರಿ? ನಾಳೆ ಅವಳನ್ನ ಸಂಭಾಳಿಸೋರು ಯಾರು?" ಕೇಳಿದ್ದರಲ್ಲಿ ಕಾಳಜಿ ಇತ್ತು, ಅದನ್ನು ತಳ್ಳಿಹಾಕಲಾರೆ. ಆದರೂ ನನ್ನ ಮಾತಿಗೆ ನಾನು ಅಂಟಿಕೊಂಡೆ. ಮುಟ್ಟದೇ ಕಳೆದುಕೊಂಡ ತಾಯಂದಿರು ವರ್ಷಗಳಾದ ಮೇಲೂ ನನ್ನ ಮುಂದೆ ಕೂತು, "ಒಂದು ಸಲ ಮುಟ್ಟಬೇಕಿತ್ತು" ಅನ್ನುವುದನ್ನು ಕೇಳಿದ್ದೇನೆ. "ಯಾಕಾದ್ರೂ ಮುಟ್ಟಿದೆನೋ" ಅಂದವರು ನನಗಂತೂ ಸಿಕ್ಕಿಲ್ಲ. ಹಾಗಂತ ಎಲ್ಲರನ್ನೂ ಎಳೆದುಕೊಂಡು ಹೋಗಿ ಕೂರಿಸಿ ಎಂದು ನಾನು ಹೇಳುವುದಿಲ್ಲ. ಬಲವಂತ ಮಾಡಿದರೆ ಅದು ಇನ್ನೊಂದು ಗಾಯ, ಅಷ್ಟೆ.

ಗಂಡನ ಹತ್ತಿರ ಬೇರೆ ಮಾತಾಡಬೇಕಾಯಿತು. ಎರಡನೆಯದರ ಸುದ್ದಿಯನ್ನು ಆಕೆಗೆ ಹೇಳಬೇಡಿ ಎಂದು ಡಾಕ್ಟರಿಗೆ ಅವರೇ ಹೇಳಿಟ್ಟಿದ್ದರು. ಹೆಂಡತಿಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದರು. ಆದರೆ ಗಂಡನ ಮುಖ ನೋಡಿ ಸುದ್ದಿ ಊಹಿಸುವ ಕೆಲಸ ಆಕೆಗೆ ಬಂದಿತ್ತು, ಊಹೆ ಯಾವಾಗಲೂ ಕೆಟ್ಟದ್ದರ ಕಡೆಗೇ ವಾಲುತ್ತದೆ. ಡಾಕ್ಟರು ರೌಂಡ್ಸಿಗೆ ಬಂದಾಗ ಇಬ್ಬರೂ ಒಟ್ಟಿಗೆ ನಿಂತು ಕೇಳಿ ಎಂದೆ.

ಮೊದಲ ದಿನವೇ ಎಡವಟ್ಟಾಯಿತು. ಆಕೆ ಕೈ ಇಟ್ಟು ಸ್ವಲ್ಪ ಹೊತ್ತಿಗೆ ಮಾನಿಟರ್ ಕೂಗಿತು. ಕೈ ಕಿತ್ತುಕೊಂಡು ಓಡಿಬಂದವರು ನೇರ ನನ್ನ ಮೇಲೆ ರೇಗಿದರು. "ನಾನು ಮುಟ್ಟಿದ್ದಕ್ಕೇ ಹಾಗಾಯ್ತು!" ಆಗಿದ್ದು ಇಷ್ಟೇ: ರಕ್ತದ ಆಮ್ಲಜನಕ ಅಳೆಯಲು ಕಾಲಿಗೆ ಸುತ್ತಿದ್ದ ಪ್ರೋಬ್ ಜಾರಿತ್ತು. ಅಲಾರಂಗಳಲ್ಲಿ ಇಂಥವು ಬೇಕಾದಷ್ಟಿರುತ್ತವೆ.

ಕೆಲವು ದಿನಗಳ ಮೇಲೆ ನಿಜವಾದ ಅಲಾರಮ್ಮೂ ಆಯಿತು. ಅಷ್ಟೊತ್ತಿಗೆ ಮಗು ವೆಂಟಿಲೇಟರ್ ಬಿಟ್ಟು ಸಿಪ್ಯಾಪ್‌ಗೆ ಬಂದಿತ್ತು. ಇಷ್ಟು ಎಳೆ ಮಕ್ಕಳು ಉಸಿರಾಡುವುದನ್ನೇ ನಡುನಡುವೆ ಮರೆತುಬಿಡುತ್ತವೆ, ಉಸಿರು ನಡೆಸುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ. 20 ಸೆಕೆಂಡ್ ದಾಟಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಅದಕ್ಕೆ ಕೊಡುವ ಔಷಧಿ ಕೆಫೀನ್, ಕಾಫಿಯಲ್ಲಿ ಇರುವಂಥದ್ದೇ. ಎಷ್ಟೋ ಸಲ ಪಾದವನ್ನು ಮೆಲ್ಲಗೆ ಉಜ್ಜಿದರೆ ಉಸಿರು ಶುರುವಾಗುತ್ತದೆ. ಆ ದಿನ ನರ್ಸ್ ಪಕ್ಕದಲ್ಲೇ ನಿಂತು, "ನೀವೇ ಉಜ್ಜಿ ಅಮ್ಮ" ಅಂದರಂತೆ. ಆಕೆ ಉಜ್ಜಿದರು. ಮಗು ಉಸಿರು ಎಳೆದುಕೊಂಡಿತು.

ನನ್ನ ಸಲಹೆಗಿಂತ ಆ ನರ್ಸಿನ ಒಂದು ಮಾತು ಜಾಸ್ತಿ ಕೆಲಸ ಮಾಡಿತು. ಅಲ್ಲಿಯವರೆಗೆ ಆ ಮಗುವಿಗೆ ಬೇಕಾದದ್ದೆಲ್ಲ ಯಂತ್ರ ಮತ್ತು ಡಾಕ್ಟರಿಂದ ಸಿಗುತ್ತಿತ್ತು, ಆಕೆ ಬರೀ ನೋಡುವವರು. ಎದೆಗೆ ಎದೆ ಹಚ್ಚಿ ಮಲಗಿಸಿಕೊಳ್ಳುವ ಕಾಂಗರೂ ಆರೈಕೆಗೆ ಮೊದಲು ಹೆದರುತ್ತಿದ್ದವರು, ಆಮೇಲೆ ತಾವಾಗಿಯೇ ಕೇಳಿ ಶುರುಮಾಡಿದರು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೇ ಇದ್ದ ಆಸ್ಪತ್ರೆಯಲ್ಲಿ ಶುರುವಾದ ಪದ್ಧತಿ ಇದು. ಹುಟ್ಟಿದ ಕೂಡಲೇ ಶುರುಮಾಡಿ, ದಿನಕ್ಕೆ 8ರಿಂದ 24 ಗಂಟೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅಪ್ಪನೂ ಮಾಡಬಹುದು. ಈ ಅಪ್ಪ ಮೊದಲನೆಯದನ್ನು ಹೊತ್ತುಕೊಂಡು ಕೂತಲ್ಲೇ ನಿದ್ದೆ ಹೋದದ್ದೂ ಉಂಟು. ಹಾಗೆ ಮಾತ್ರ ಮಾಡಬೇಡಿ.

ಮಗು ಉಳಿಯಿತಾ ಅಂತ ಕೇಳುತ್ತೀರಿ. ಉಳಿಯಿತು, ಮೊದಲನೆಯದಕ್ಕಿಂತ ಎಷ್ಟೋ ವಾರ ತಡವಾಗಿ ಮನೆಗೆ ಹೋಯಿತು. ಉಳಿಯದೇ ಹೋಗಿದ್ದರೂ ಇದೇ ಸಲಹೆಯನ್ನು ಇಷ್ಟೇ ಗಟ್ಟಿಯಾಗಿ ಬರೆಯುತ್ತಿದ್ದೆ.

ಮನೆಗೆ ಹೋದ ಮೇಲೆ ಆಕೆ ಮತ್ತೆ ಬಂದರು. ಮಾನಿಟರ್ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ, ರಾತ್ರಿಯೆಲ್ಲ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದರು. ಹೆರಿಗೆಯ ನಂತರದ ಖಿನ್ನತೆ ಪತ್ತೆಮಾಡುವ ಎಡಿನ್‌ಬರೋ ಪ್ರಶ್ನಾವಳಿಯ 10 ಪ್ರಶ್ನೆಗಳನ್ನು ಕೇಳಿದೆ, ಅಂಕ ಜಾಸ್ತಿಯೇ ಬಂತು. ಮನೋವೈದ್ಯರ ಹತ್ತಿರ ಕಳಿಸಿದೆ. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ, ಅವನ್ನೇ ಕೊಟ್ಟರು. ರಾತ್ರಿಯ ಒಂದು ಪಾಳಿ ಈಗ ಅತ್ತೆಯದು.