ಪಕ್ಷ ಆಮೇಲೆ, ಕ್ಷೇತ್ರ ಮೊದಲು

ಇಂಗ್ಲೆಂಡಿನ ರೆಡಿಂಗ್ ಪಕ್ಕದ ವುಡ್ಲಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ನಾವು ಗಂಡ ಹೆಂಡತಿ ಇಬ್ಬರೂ ಭಾರತದ ಪಾಸ್‌ಪೋರ್ಟಿನವರು. ನನ್ನದು ಸಾಫ್ಟ್‌ವೇರ್ ಕೆಲಸ, ನನ್ನಾಕೆ ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿನ ಸಾರ್ವತ್ರಿಕ ಚುನಾವಣೆಯಲ್ಲಿ ನಮಗೂ ಮತ ಇದೆ ಅನ್ನುತ್ತಾರೆ, ನಿಜವೇ? ಇದ್ದರೆ ಯಾವ ಪಕ್ಷಕ್ಕೆ ಹಾಕುವುದು? ಕನ್ಸರ್ವೇಟಿವ್‌ನವರು ವೀಸಾ ಬಿಗಿ ಮಾಡಿದರು, ಲೇಬರ್‌ನವರು ಬಂದು ಇನ್ನೂ ಬಿಗಿ ಮಾಡಿದರು. ಸಣ್ಣ ಪಕ್ಷಕ್ಕೆ ಹಾಕೋಣವೆಂದರೆ ವೋಟು ದಂಡ ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಬೈಯುತ್ತಾರೆ. ನೀವೇನು ಹೇಳುತ್ತೀರಿ?”

ಸಂಪಾದಕರ ಉತ್ತರ:

ಮಾನ್ಯರೇ,

ಮತ ಇದೆ, ಸಂಶಯ ಬೇಡ. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿ, 18 ತುಂಬಿ, ಬ್ರಿಟನ್ನಿನಲ್ಲಿ ವಾಸವಿದ್ದು, ಉಳಿಯಲು ಅನುಮತಿ ಇದ್ದರೆ ಸಾಕು. ಅದು ಸ್ಕಿಲ್ಡ್ ವರ್ಕರ್ ವೀಸಾ ಆಗಲಿ, ವಿದ್ಯಾರ್ಥಿ ವೀಸಾ ಆಗಲಿ, ಗಂಡನ ಅಥವಾ ಹೆಂಡತಿಯ ಅವಲಂಬಿತ ವೀಸಾ ಆಗಲಿ, ಭೇದವಿಲ್ಲ. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದು ಬ್ರಿಟಿಷ್ ಪೌರತ್ವ ಪಡೆಯದ ಪೋಲೆಂಡಿನವರಿಗೆ ಸಂಸತ್ ಚುನಾವಣೆಯಲ್ಲಿ ಮತವಿಲ್ಲ. ಹೋದ ವರ್ಷ ಹೀಥ್ರೂದಲ್ಲಿ ಇಳಿದ ಹಾಸನದ ಹುಡುಗನಿಗೆ ಇದೆ. ಮತ ಹಾಕಿದರೆ ಭಾರತದ ಪೌರತ್ವಕ್ಕೆ ಕುತ್ತು ಎಂಬ ಅಂಜಿಕೆ ಕೆಲವರಿಗಿದೆ. ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ನಮ್ಮದು ಹೋಗುತ್ತದೆ, ಮತ ಹಾಕಿದ್ದಕ್ಕೆ ಹೋಗುವುದಿಲ್ಲ.

ಆದರೆ ಹೆಸರು ತಾನಾಗಿ ಪಟ್ಟಿಗೆ ಸೇರುವುದಿಲ್ಲ. ಸರ್ಕಾರದ ಜಾಲತಾಣದಲ್ಲಿ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಕಡಿತವಾಗುವ ಸಾಮಾಜಿಕ ವಿಮೆಯ ವಂತಿಗೆ) ಸಂಖ್ಯೆ ಕೊಟ್ಟು ಒಬ್ಬೊಬ್ಬರೂ ಬೇರೆಬೇರೆಯಾಗಿ ನೋಂದಾಯಿಸಬೇಕು. ಐದು ನಿಮಿಷದ ಕೆಲಸ. ನಮ್ಮವರು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಆಫೀಸಿನಲ್ಲಿ ಬರೀ ಇನಿಷಿಯಲ್, ಹೆಂಡತಿಯದು ಮದುವೆಗೆ ಮುಂಚಿನದೊಂದು, ನಂತರದ್ದೊಂದು. ಮತಗಟ್ಟೆಯಲ್ಲಿ ಫೋಟೊ ಗುರುತಿನ ಚೀಟಿಯ ಹೆಸರನ್ನು ಪಟ್ಟಿಯ ಹೆಸರಿಗೆ ತಾಳೆ ನೋಡುತ್ತಾರೆ. ಆದ್ದರಿಂದ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಬರೆಸಿ. ಭಾರತದ ಪಾಸ್‌ಪೋರ್ಟ್ ಅಲ್ಲಿ ನಡೆಯುತ್ತದೆ, ಅವಧಿ ಮುಗಿದಿದ್ದರೂ ಫೋಟೊ ನಿಮ್ಮದೇ ಎಂದು ಕಂಡರಾಯಿತು. ಆಧಾರ್, ಭಾರತದ ಡ್ರೈವಿಂಗ್ ಲೈಸೆನ್ಸ್ ನಡೆಯುವುದಿಲ್ಲ.

ಇನ್ನು ಯಾವ ಪಕ್ಷಕ್ಕೆ ಎಂಬುದು. ಅದನ್ನು ನಾವು ಹೇಳುವುದಿಲ್ಲ. ಆದರೆ ನೀವು ಲೆಕ್ಕವನ್ನು ತುದಿಯಿಂದ ಶುರುಮಾಡಿದ್ದೀರಿ. ಅಲ್ಲಿ ನಡೆಯುವುದು 650 ಬೇರೆಬೇರೆ ಚುನಾವಣೆ. ಒಂದೊಂದರಲ್ಲೂ ಹೆಚ್ಚು ಮತ ಬಂದವರು ಗೆದ್ದರು, ಉಳಿದವರ ಮತ ಅಲ್ಲೇ ಮುಗಿಯಿತು. ನಮ್ಮ ಲೋಕಸಭೆಯ ಪದ್ಧತಿಯೇ. ನಾವು ಕಲಿತದ್ದೇ ಅವರಿಂದ.

ನಿಮ್ಮ ಅರ್ಲಿ ಮತ್ತು ವುಡ್ಲಿ ಕ್ಷೇತ್ರವನ್ನೇ ನೋಡಿ. 2024ರ ಮರುವಿಂಗಡಣೆಯಲ್ಲಿ ಹುಟ್ಟಿದ ಹೊಸ ಕ್ಷೇತ್ರ. ಅಲ್ಲಿ ಲೇಬರ್ ಗೆದ್ದದ್ದು ಕನ್ಸರ್ವೇಟಿವ್‌ಗಿಂತ 848 ಮತ ಹೆಚ್ಚು ಪಡೆದು. ಮೂರನೆಯವರು ಲಿಬರಲ್ ಡೆಮೊಕ್ರಾಟರು. ಪಕ್ಕದ ವೋಕಿಂಗ್‌ಹ್ಯಾಮ್‌ನಲ್ಲಿ ಅದೇ ದಿನ ಅದೇ ಲಿಬರಲ್ ಡೆಮೊಕ್ರಾಟರು ಕನ್ಸರ್ವೇಟಿವ್‌ರನ್ನು ಸೋಲಿಸಿ ಗೆದ್ದರು. ಒಂದೇ ಅಭಿಪ್ರಾಯದ ಇಬ್ಬರು ಸ್ನೇಹಿತರು ಗಡಿಯ ಆಚೆ ಈಚೆ ಇದ್ದರೆ, ಒಬ್ಬರು ಹಾಕಿದ ಮತ ಗೆಲ್ಲಿಸುತ್ತದೆ, ಅದೇ ಪಕ್ಷಕ್ಕೆ ಇನ್ನೊಬ್ಬರು ಹಾಕಿದ್ದು ಮೂರನೆಯ ಸ್ಥಾನಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ನಿಮ್ಮ ಪಿನ್‌ಕೋಡ್ ಯಾವ ಕ್ಷೇತ್ರಕ್ಕೆ ಬರುತ್ತದೆ, ಕಳೆದ ಸಲ ಮೊದಲ ಮೂವರು ಯಾರು, ನಡುವಿನ ಅಂತರ ಎಷ್ಟು, ಇಷ್ಟನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಟಿವಿಯ ರಾಷ್ಟ್ರೀಯ ಸಮೀಕ್ಷೆ ಆಮೇಲೆ ನೋಡಿದರಾಯಿತು.

ಚುನಾವಣೆ ಹತ್ತಿರ ಬಂದಾಗ ನಿಮ್ಮ ಬಾಗಿಲ ಸಂದಿಯಿಂದ ಒಂದು ಕರಪತ್ರ ಬೀಳುತ್ತದೆ. ಅದರಲ್ಲಿ ಮೂರು ಕಂಬ: ಎರಡು ಎತ್ತರ, ಒಂದು ಮೋಟು. ಮೋಟು ಕಂಬದ ಮೇಲೆ “ಇವರು ಇಲ್ಲಿ ಗೆಲ್ಲಲಾರರು” ಎಂದಿರುತ್ತದೆ. ಆ ಚಿತ್ರವನ್ನು ನಂಬುವ ಮೊದಲು ಕೆಳಗಿನ ಇರುವೆ ಅಕ್ಷರ ಓದಿ. ಸಂಖ್ಯೆ ಬಂದದ್ದು ಎಲ್ಲಿಂದ? ಹಲವು ಸಲ ಅದು ಸಂಸತ್ ಚುನಾವಣೆಯದಲ್ಲ, ಕೌನ್ಸಿಲ್, ಅಂದರೆ ಸ್ಥಳೀಯ ಸಂಸ್ಥೆಯ ಚುನಾವಣೆಯದು. ವುಡ್ಲಿ, ಅರ್ಲಿ ಎರಡೂ ವೋಕಿಂಗ್‌ಹ್ಯಾಮ್ ಕೌನ್ಸಿಲ್ಲಿಗೆ ಸೇರಿದವು, ಅಲ್ಲಿ ಲಿಬರಲ್ ಡೆಮೊಕ್ರಾಟರ ಬಲ ಹೆಚ್ಚು. ಆದರೆ ನಿಮ್ಮ ಸಂಸತ್ ಕ್ಷೇತ್ರದಲ್ಲಿ ರೆಡಿಂಗ್ ನಗರದ ವಾರ್ಡುಗಳೂ ಇವೆ, ಅಲ್ಲಿನ ಗಾಳಿಯೇ ಬೇರೆ. ಕೌನ್ಸಿಲ್ಲಿನ ಸಂಖ್ಯೆಯನ್ನು ಸಂಸತ್ತಿಗೆ ತಂದರೆ ತಪ್ಪುತ್ತದೆ. ಆಮೇಲೆ ಸ್ಕೇಲು ಇಟ್ಟು ಕಂಬದ ಎತ್ತರ ಅಳೆಯಿರಿ. 25ಕ್ಕೂ 30ಕ್ಕೂ ಇರುವ ವ್ಯತ್ಯಾಸವನ್ನು ಅರ್ಧಕ್ಕರ್ಧ ಎಂದು ಬರೆದಿರುತ್ತಾರೆ. ಕರಪತ್ರದಲ್ಲಿ ಮುದ್ರಿಸಿದವರ, ಪ್ರಚಾರ ಮಾಡಿಸಿದವರ ಹೆಸರು ವಿಳಾಸ ಇರಲೇಬೇಕೆಂದು ಕಾನೂನಿದೆ. ಇಲ್ಲದಿದ್ದರೆ ಮಡಿಸಿ ಕಸಕ್ಕೆ ಹಾಕಿ. ಕಂಬದ ಚಿತ್ರಕ್ಕೆ ಲಿಬರಲ್ ಡೆಮೊಕ್ರಾಟರೇ ಹೆಸರುವಾಸಿ, ಆದರೆ ಈಗ ಯಾರೂ ಹಿಂದೆ ಬಿದ್ದಿಲ್ಲ.

ವೋಟು ದಂಡ ಎಂಬ ಮಾತಿಗೆ ಬರೋಣ. 2024ರಲ್ಲಿ ರಿಫಾರ್ಮ್ ಪಕ್ಷಕ್ಕೆ ದೇಶದ ಶೇ. 14.3 ಮತ ಬಂತು, ಸೀಟು 5. ಲಿಬರಲ್ ಡೆಮೊಕ್ರಾಟರಿಗೆ ಅದಕ್ಕಿಂತ ಕಡಿಮೆ, ಶೇ. 12.2, ಸೀಟು 72. ಲೇಬರ್ ಶೇ. 33.7 ಪಡೆದು 411 ಸೀಟು ಗೆದ್ದಿತು. ಕಾರಣ ಒಂದೇ: ರಿಫಾರ್ಮ್ ಮತ ದೇಶದ ತುಂಬ ತೆಳುವಾಗಿ ಹರಡಿತ್ತು, ಲಿಬರಲ್ ಡೆಮೊಕ್ರಾಟರು ಗೆಲ್ಲುವ ಕಡೆ ಮಾತ್ರ ಬೆವರು ಸುರಿಸಿದರು, ಹೆಚ್ಚಾಗಿ ದಕ್ಷಿಣ ಇಂಗ್ಲೆಂಡಿನಲ್ಲಿ. ಹಾಗೆಂದು ಹರಡಿದ ಮತಕ್ಕೆ ಕೆಲಸವೇ ಇಲ್ಲ ಎಂದಲ್ಲ. ಸೌತ್ ವೆಸ್ಟ್ ನಾರ್ಫೋಕ್‌ನಲ್ಲಿ ಮಾಜಿ ಪ್ರಧಾನಿ ಲಿಜ್ ಟ್ರಸ್ ಸೋತದ್ದು ಬರೀ 630 ಮತದಿಂದ. ಲೇಬರ್‌ಗೆ 11,847, ಅವರಿಗೆ 11,217, ರಿಫಾರ್ಮ್‌ಗೆ 9,958. ಗೆದ್ದವರಿಗೆ ಬಂದದ್ದು ಶೇ. 27ಕ್ಕೂ ಕಡಿಮೆ. ಅಲ್ಲಿ ಮೂರನೆಯವರಿಗೆ ಬಿದ್ದ ಮತವೇ ತೀರ್ಪು ಬರೆಯಿತು. ಲಂಡನ್ನಿನ ಹೆಂಡನ್‌ನಲ್ಲಿ ಅಂತರ 15. ಒಂದು ಮದುವೆಮನೆಯ ಊಟದ ಪಂಕ್ತಿಯಷ್ಟೂ ಅಲ್ಲ.

ಹಾಗಾಗಿ ನಮ್ಮ ಲೆಕ್ಕ ಹೀಗಿದೆ. ಮೊದಲಿಬ್ಬರ ನಡುವೆ ಒಂದೆರಡು ಸಾವಿರದ ಅಂತರವಿರುವ ಕ್ಷೇತ್ರದಲ್ಲಿ, ಆ ಇಬ್ಬರಲ್ಲಿ ಯಾರು ಬಂದರೆ ನಿಮಗೆ ಹೆಚ್ಚು ತೊಂದರೆ ಎಂದು ಕೇಳಿಕೊಳ್ಳಿ. ಉತ್ತರ ಸ್ಪಷ್ಟವಿದ್ದರೆ ಇನ್ನೊಬ್ಬರಿಗೆ ಹಾಕಿ. ಇಬ್ಬರೂ ಒಂದೇ ಎನಿಸಿದರೆ ಮನಸ್ಸಿಗೆ ಬಂದ ಮೂರನೆಯವರಿಗೆ ಹಾಕುವುದು ದಂಡವಲ್ಲ, ಅದೇ ಪ್ರಾಮಾಣಿಕ ಮತ. ಹ್ಯಾರೋ ಈಸ್ಟ್‌ನಂತೆ ಗೆದ್ದವರು ಅರ್ಧಕ್ಕಿಂತ ಹೆಚ್ಚು ಮತ ಬಾಚಿದ ಕಡೆ ನೀವು ಪೂರ್ತಿ ಸ್ವತಂತ್ರರು. ಅಂಥ ಕಡೆಯೂ ಸಣ್ಣ ಪಕ್ಷಕ್ಕೆ ಶೇ. 5 ಬಂದರೆ 500 ಪೌಂಡ್ ಠೇವಣಿ ಉಳಿಯುತ್ತದೆ, ಸೀಟು ಗೆದ್ದ ವಿರೋಧ ಪಕ್ಷಗಳಿಗೆ ಸಂಸತ್ತು ಕೊಡುವ ಅನುದಾನದಲ್ಲಿ ದೇಶಾದ್ಯಂತ ಬಿದ್ದ ಮತವೂ ಎಣಿಕೆಗೆ ಬರುತ್ತದೆ. ನಿಮ್ಮ 848ರ ಕ್ಷೇತ್ರ ಮೊದಲ ಬಗೆಯದು.

ವೀಸಾ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. 2024ರ ಏಪ್ರಿಲ್‌ನಲ್ಲಿ ಕನ್ಸರ್ವೇಟಿವ್ ಸರ್ಕಾರ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳದ ಸಾಮಾನ್ಯ ಮಿತಿಯನ್ನು 26,200 ಪೌಂಡಿನಿಂದ 38,700ಕ್ಕೆ ಏರಿಸಿತು. 2025ರ ಜುಲೈನಲ್ಲಿ ಲೇಬರ್ ಅದನ್ನು 41,700 ಮಾಡಿತು. ವೀಸಾದ ಜೊತೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 624ರಿಂದ 1,035 ಪೌಂಡ್ ಆದದ್ದು 2024ರ ಫೆಬ್ರುವರಿಯಲ್ಲಿ. ನಿಮ್ಮಾಕೆ ಹೆಲ್ತ್ ಅಂಡ್ ಕೇರ್ ವೀಸಾದಲ್ಲಿದ್ದರೆ ಅದು ಅವರಿಗಿಲ್ಲ. ಕಾಯಂ ವಾಸಕ್ಕೆ ಐದು ವರ್ಷ ಸಾಕಿದ್ದದ್ದನ್ನು ಹತ್ತು ಮಾಡುವ ಪ್ರಸ್ತಾಪ ಲೇಬರ್ ಸರ್ಕಾರದ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಬಂತು. ಕಾಯಂ ವಾಸವನ್ನೇ ತೆಗೆದುಹಾಕುತ್ತೇವೆ ಎಂದು ರಿಫಾರ್ಮ್ 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಈ ಮೂರೂ ಪಕ್ಷದವರು ಒಂದೇ ದಿಕ್ಕಿಗೆ ಎಳೆಯುತ್ತಿದ್ದಾರೆ, ನಿಜ. ಆದರೆ ಐದು, ಹತ್ತು, ಇಲ್ಲವೇ ಇಲ್ಲ, ಈ ಮೂರೂ ಒಂದೇ ಅಲ್ಲ. ನಿಮ್ಮ ಮನೆಯ ತಾರೀಖುಗಳನ್ನು ಮುಂದಿಟ್ಟುಕೊಂಡು ಹೋಲಿಸಿ.

ಇಲ್ಲೊಂದು ತಾಂತ್ರಿಕ ಅಂಶ ಬಹಳ ಜನಕ್ಕೆ ತಿಳಿದಿಲ್ಲ. ವಲಸೆ ನಿಯಮ ಬದಲಿಸಲು ಹೊಸ ಕಾಯ್ದೆ ಬೇಕಿಲ್ಲ. ಗೃಹ ಸಚಿವರು ಬದಲಾವಣೆಯ ಪಟ್ಟಿಯನ್ನು ಸಂಸತ್ತಿನ ಮುಂದಿಡುತ್ತಾರೆ. ಯಾವುದಾದರೂ ಸದನ 40 ದಿನದೊಳಗೆ ಬೇಡವೆನ್ನದಿದ್ದರೆ ನಡೆದುಹೋಯಿತು. ಆ ಹತ್ತು ವರ್ಷದ ಮಾತು ಲೇಬರ್‌ನ 2024ರ ಪ್ರಣಾಳಿಕೆಯಲ್ಲಿ ಇರಲಿಲ್ಲ. ಅಂದರೆ ನಿಮ್ಮ ಮನೆಗೆ ಎಲ್ಲಕ್ಕಿಂತ ಹೆಚ್ಚು ತಟ್ಟುವ ಸಂಗತಿಯಲ್ಲಿ ಪ್ರಣಾಳಿಕೆ ಕೈಕೊಡಬಹುದು. ನಿಮ್ಮ ಸಂಸದರು ನೇರವಾಗಿ ಉಪಯೋಗಕ್ಕೆ ಬರುವುದು ಬೇರೆ ಕಡೆ: ಅರ್ಜಿ ತಿಂಗಳುಗಟ್ಟಲೆ ಹೋಮ್ ಆಫೀಸಿನಲ್ಲಿ, ಅಂದರೆ ಗೃಹ ಇಲಾಖೆಯಲ್ಲಿ, ಕೊಳೆಯುತ್ತಿದ್ದಾಗ ಅವರ ಕಚೇರಿಯಿಂದ ಒಂದು ವಿಚಾರಣೆ ಹೋಗುತ್ತದೆ. ಅಭ್ಯರ್ಥಿ ಬಾಗಿಲಿಗೆ ಬಂದರೆ ತತ್ವದ ಬಗ್ಗೆ ವಾದಿಸಬೇಡಿ. ವಲಸೆ ಪ್ರಕರಣ ನೋಡುವ ಸಿಬ್ಬಂದಿ ಎಷ್ಟು ಜನ, ಸರ್ಜರಿ ವಾರಕ್ಕೆ ಎಷ್ಟು ಸಲ ಎಂದು ಕೇಳಿ. ಗಾಬರಿ ಬೇಡ, ಸಂಸದರು ಜನರನ್ನು ಭೇಟಿಯಾಗುವುದಕ್ಕೂ ಅಲ್ಲಿ ಸರ್ಜರಿ ಎಂದೇ ಹೆಸರು.

ತೆರಿಗೆಯ ಭರವಸೆಯನ್ನು ಅಕ್ಷರ ಅಕ್ಷರ ಓದಬೇಕು. ಆದಾಯ ತೆರಿಗೆಯ ದರ, ನ್ಯಾಷನಲ್ ಇನ್ಶೂರೆನ್ಸ್, ವ್ಯಾಟ್ ಏರಿಸುವುದಿಲ್ಲ ಎಂದು ಲೇಬರ್ ಹೇಳಿತ್ತು. 2025ರ ಏಪ್ರಿಲ್‌ನಿಂದ ಉದ್ಯೋಗದಾತರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಶೇ. 13.8ರಿಂದ 15 ಆಯಿತು. ನಾವು ಹೇಳಿದ್ದು ದುಡಿಯುವವರ ಪಾಲಿನ ಬಗ್ಗೆ ಎಂದರು. ತೆರಿಗೆ ಇಲ್ಲದ ಮೊತ್ತ 12,570 ಪೌಂಡ್ 2021ರಿಂದ ಅಲುಗಾಡಿಲ್ಲ. ಅದನ್ನು ಹಾಗೆ ನಿಲ್ಲಿಸಿದ್ದು ಕನ್ಸರ್ವೇಟಿವ್, 2031ರವರೆಗೆ ಎಳೆದದ್ದು ಲೇಬರ್. ದರ ಏರಲಿಲ್ಲ ಎಂಬುದೂ ಸುಳ್ಳಲ್ಲ, ಮಿತಿ ನಿಂತಲ್ಲೇ ನಿಂತಿದ್ದರಿಂದ ಸಂಬಳ ಏರಿದಂತೆ ಅದರ ಹೆಚ್ಚು ಭಾಗ ತೆರಿಗೆಗೆ ಹೋಯಿತು ಎಂಬುದೂ ಸುಳ್ಳಲ್ಲ. ‘ದರ’ ಎಂದು ಕಂಡಲ್ಲೆಲ್ಲ ‘ಮಿತಿ’ ಏನಾಯಿತು ಎಂದು ಹುಡುಕಿ.

ಕಸದ ಗಾಡಿ, ರಸ್ತೆ ಗುಂಡಿ, ಕೌನ್ಸಿಲ್ ತೆರಿಗೆ ಇವೆಲ್ಲ ಕೌನ್ಸಿಲ್ಲಿನ ಲೆಕ್ಕ. ಅದರ ಕೋಪವನ್ನು ಸಂಸತ್ ಚುನಾವಣೆಯಲ್ಲಿ ತೀರಿಸಿಕೊಳ್ಳಬೇಡಿ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿರುವ ನಿಮ್ಮ ಗೆಳೆಯರಿಗಾದರೆ ಆಸ್ಪತ್ರೆ, ಶಾಲೆಗಳೂ ವೆಸ್ಟ್‌ಮಿನ್‌ಸ್ಟರಿನ, ಅಂದರೆ ಲಂಡನ್ನಿನ ಸಂಸತ್ತಿನ, ಕೈಯಲ್ಲಿಲ್ಲ.

ನಮ್ಮವರಿಗೇ ಹಾಕೋಣ ಎಂಬ ಮಾತೂ ನಿಮ್ಮ ಗುಂಪಿನಲ್ಲಿ ಬಂದೇ ಬರುತ್ತದೆ. ಕಲಬುರಗಿ ಮೂಲದ ನೀರಜ್ ಪಾಟೀಲ, ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಲ್ಲಿಸಲು ಮುಂದಾದವರು, 2017ರಲ್ಲಿ ಲೇಬರ್‌ನಿಂದ ಲಂಡನ್ನಿನ ಪಟ್ನಿ ಕ್ಷೇತ್ರದಲ್ಲಿ ನಿಂತರು. ಅಲ್ಲಿ ಕನ್ಸರ್ವೇಟಿವ್ ಅಂತರ 2015ರಲ್ಲಿ 10,180 ಇತ್ತು. ಅವರು ಅದನ್ನು 1,554ಕ್ಕೆ ತಂದು ಸೋತರು. ಮುಂದಿನ ಸಲ, 2019ರಲ್ಲಿ, ಬೇರೆ ಅಭ್ಯರ್ಥಿಯೊಂದಿಗೆ ಲೇಬರ್ ಅದನ್ನು ಗೆದ್ದಿತು. ದೇಶದಲ್ಲೆಲ್ಲ ಲೇಬರ್ ಆ ವರ್ಷ ಹೊಸದಾಗಿ ಗಳಿಸಿದ್ದು ಅದೊಂದೇ ಸೀಟು. ಭದ್ರ ಎನಿಸಿದ ಕ್ಷೇತ್ರ ಎರಡೇ ಚುನಾವಣೆಯಲ್ಲಿ ಮಗುಚಿತು ಎಂಬುದೇ ಇದರಲ್ಲಿ ನಿಮಗೆ ಉಪಯೋಗದ ಸಂಗತಿ. ಇನ್ನು ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗಳ ಗಂಡ ಪ್ರಧಾನಿಯಾಗಿದ್ದಾಗಲೇ ಸಂಬಳದ ಮಿತಿ 38,700ಕ್ಕೆ ಹೋದದ್ದು. ಅಳಿಯತನ ವೀಸಾ ನಿಯಮಕ್ಕೆ ಅಡ್ಡ ಬರಲಿಲ್ಲ.

ಮುಂದಿನ ಚುನಾವಣೆ 2029ರ ಆಗಸ್ಟ್ ಮಧ್ಯದೊಳಗೆ ಆಗಲೇಬೇಕು. ಪ್ರಧಾನಿ ಬಯಸಿದರೆ ಯಾವಾಗ ಬೇಕಾದರೂ. ಘೋಷಣೆಯಾದ ಮೇಲೆ ಸಮಯ ಸಿಗುವುದಿಲ್ಲ. 2024ರಲ್ಲಿ ಮೇ 22ರಂದು ಘೋಷಣೆ, ಜೂನ್ 18 ನೋಂದಣಿಗೆ ಕೊನೆ, 19ರ ಸಂಜೆ ಐದಕ್ಕೆ ಅಂಚೆ ಮತದ ಅರ್ಜಿ ಬಂದ್, ಜುಲೈ 4 ಮತದಾನ. ಅಭ್ಯರ್ಥಿಗಳ ಪಟ್ಟಿ ಜೂನ್ 7ಕ್ಕೆ ಖಚಿತವಾಯಿತು. ಪ್ರಣಾಳಿಕೆಗಳು ಅದರ ಮುಂದಿನ ವಾರದಲ್ಲಿ ಬರತೊಡಗಿದವು. ಅಂದರೆ ಓದಿ ತೂಗಲು ಸಿಕ್ಕಿದ್ದು ಮೂರು ವಾರ. ಈಗಿನ ಸಂಸದರು ಯಾವ ಮಸೂದೆಗೆ ಹೇಗೆ ಮತ ಹಾಕಿದ್ದಾರೆಂದು ಸಂಸತ್ತಿನ ಜಾಲತಾಣದಲ್ಲಿ ಈಗಲೇ ನೋಡಿಟ್ಟುಕೊಳ್ಳಬಹುದು.

ರಜೆಗೆ ಊರಿಗೆ ಬರುವವರಿದ್ದರೆ ಅಂಚೆ ಮತವನ್ನು ನಂಬಿ ಕೂರಬೇಡಿ. ಮತಪತ್ರ ಶಿವಮೊಗ್ಗಕ್ಕೆ ಬಂದು ಮರಳಿ ರೆಡಿಂಗ್ ಸೇರುವಷ್ಟರಲ್ಲಿ ಎಣಿಕೆ ಮುಗಿದಿರುತ್ತದೆ. ಪ್ರಾಕ್ಸಿ ಕೊಡಿ, ಅಂದರೆ ನಿಮ್ಮ ಪರವಾಗಿ ಹಾಕಲು ಅಲ್ಲಿಯೇ ಇರುವ ಮತದಾರರೊಬ್ಬರನ್ನು ನೇಮಿಸಿ. ಅದರ ಅರ್ಜಿಗೆ ಮತದಾನಕ್ಕೆ ಆರು ಕೆಲಸದ ದಿನ ಮುಂಚಿನ ಸಂಜೆ ಐದರವರೆಗೆ ಸಮಯವಿದೆ. ಅಲ್ಲೇ ಇದ್ದು ಅಂಚೆಯಲ್ಲಿ ಹಾಕುವುದಾದರೆ, ಮತಪತ್ರ ‘ಎ’ ಲಕೋಟೆಯಲ್ಲಿ, ಆ ಲಕೋಟೆ ಮತ್ತು ಹೇಳಿಕೆಯ ಹಾಳೆ ‘ಬಿ’ ಲಕೋಟೆಯಲ್ಲಿ. ಹೇಳಿಕೆಯಲ್ಲಿ ಸಹಿಯ ಜೊತೆ ತಾರೀಖಿನ ಚೌಕಗಳಿರುತ್ತವೆ. ಅಲ್ಲಿ ಕೇಳಿರುವುದು ಹುಟ್ಟಿದ ತಾರೀಖು. ಸಹಿ ಹಾಕಿದ ಕೈ ಅಭ್ಯಾಸಬಲದಿಂದ ಆ ದಿನದ ತಾರೀಖು ಬರೆದುಬಿಡುತ್ತದೆ. ಬರೆದರೆ ಒಳಗಿನ ಮತ ಎಣಿಕೆಗೇ ಹೋಗುವುದಿಲ್ಲ.