ಎರಡು ದಾರಿ ಮುಂದಿರುವಾಗ ದೇವರ ಚಿತ್ತ ತಿಳಿಯುವುದು ಹೇಗೆ?

ಪುಣೆಯಲ್ಲಿ ಒಳ್ಳೆ ಸಂಬಳದ ಕೆಲಸ, ಊರಲ್ಲಿ ಅಮ್ಮನ ಹತ್ತಿರವೇ ಒಂದು ಸಣ್ಣ ಕೆಲಸ. ತಿಂಗಳಿಂದ ಪ್ರಾರ್ಥನೆ ಮಾಡಿದರೂ ಉತ್ತರ ಬರುತ್ತಿಲ್ಲ, ತಪ್ಪಾದದ್ದನ್ನು ಆರಿಸಿಕೊಂಡರೆ ದೇವರ ಚಿತ್ತದಿಂದ ಹೊರಗೆ ಬಿದ್ದುಬಿಡುತ್ತೇನಾ ಅಂತ ಕೇಳಿದ್ದೀರಿ. ಆ ಭಯ ನನಗೆ ಚೆನ್ನಾಗಿ ಗೊತ್ತು.

ನಾನು ಗದಗ ಕಡೆಯವಳು, ನರ್ಸ್. 2011ರ ಕೊನೆಯಲ್ಲಿ ಸೌದಿಯ ಒಂದು ಆಸ್ಪತ್ರೆಗೆ ಹೋಗುವ ಅವಕಾಶ ಬಂತು. ಇತ್ತ ಅಪ್ಪನಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿರಲಿಲ್ಲ. ಊರ ಹತ್ತಿರ ಗುತ್ತಿಗೆ ಮೇಲೆ ಒಂದು ಕೆಲಸವೂ ಸಿಗುವ ಹಾಗಿತ್ತು. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ವಾಗ್ದಾನದ ಚೀಟಿ, ಅಂದರೆ ಬೈಬಲಿನ ಒಂದೊಂದು ವಚನ ಬರೆದ ಚೀಟಿ, ಎತ್ತುತ್ತಾರೆ. ನನ್ನ ಕೈಗೆ ಯೆರೆಮೀಯ ಪ್ರವಾದಿಯ ಪುಸ್ತಕದ 29:11 ಬಂತು. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆ ಕೇಡಿಗಲ್ಲ, ಹಿತಕ್ಕೇ ಅಂತ ದೇವರು ಹೇಳುವ ಮಾತು. ಸೌದಿಗೆ ಹೋಗು ಅಂತಲೇ ದೇವರು ಹೇಳಿದ ಅಂದುಕೊಂಡೆ. ಖುಷಿಯಿಂದ ಅತ್ತುಬಿಟ್ಟೆ.

ಮರುದಿನ ನಮ್ಮ ಸಭಾಪಾಲಕರಿಗೆ ಚೀಟಿ ತೋರಿಸಿದೆ. ವಯಸ್ಸಾದವರು, ಜಾಸ್ತಿ ಮಾತಾಡುವವರಲ್ಲ. "ಅದರ ಹಿಂದಿನ ವಚನಾನೂ ಓದವ್ವಾ" ಅಂದರು ಅಷ್ಟೇ.

ಓದಿದೆ. 10ನೇ ವಚನದಲ್ಲಿ, ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆಯೇ ನಿಮ್ಮನ್ನು ಊರಿಗೆ ಕರೆತರುತ್ತೇನೆ ಅಂತ ಇದೆ. ಆ ಅಧ್ಯಾಯ ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಯೆರೆಮೀಯ ಬರೆದ ಪತ್ರ. ಬೇಗ ಊರಿಗೆ ಮರಳುತ್ತೀರಿ ಅಂತ ಬೇರೆ ಪ್ರವಾದಿಗಳು ಅವರಿಗೆ ಆಸೆ ಹುಟ್ಟಿಸುತ್ತಿದ್ದರು. ಯೆರೆಮೀಯ ಮಾತ್ರ, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂದ. 70 ವರ್ಷ ಅಂದರೆ ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಸತ್ತಿರಬೇಕು, ಅಲ್ವಾ? ಆದರೂ ದೇವರು ಅವರ ಕೈಬಿಟ್ಟಿರಲಿಲ್ಲ. ನನ್ನ ವೀಸಾಕ್ಕೆ ಉತ್ತರ ಅಂತ ಹಿಡಿದುಕೊಂಡಿದ್ದ ವಚನ ಬೇರೆಯದನ್ನೇ ಹೇಳುತ್ತಿತ್ತು. ನೀನು ಎಲ್ಲಿದ್ದರೂ ನಾನು ನಿನ್ನನ್ನು ಮರೆತಿಲ್ಲ ಅನ್ನುತ್ತಿತ್ತು.

ವೀಸಾ 15ನೇ ತಾರೀಖಿನೊಳಗೆ ಬಂದರೆ ಹೋಗು, ಗಿದ್ಯೋನ ಕುರಿಯ ತುಪ್ಪಟ ಇಟ್ಟ ಹಾಗೆ ಗುರುತು ಕೇಳು ಅಂತ ಗೆಳತಿಯೊಬ್ಬಳು ಹೇಳಿದಳು. ಬೈಬಲಿನ ಗಿದ್ಯೋನ ರಾತ್ರಿ ಕುರಿಯ ತುಪ್ಪಟ (ಉಣ್ಣೆ) ನೆಲದ ಮೇಲೆ ಇಟ್ಟು, ಬರೀ ಅದರ ಮೇಲೆ ಇಬ್ಬನಿ ಬಿದ್ದರೆ ನಂಬುತ್ತೇನೆ ಅಂತ ದೇವರಿಂದ ಗುರುತು ಕೇಳಿದ್ದ. ಆದರೆ ಅವನಿಗೆ ಏನು ಮಾಡಬೇಕು ಅಂತ ದೇವರು ಮೊದಲೇ ಸ್ಪಷ್ಟವಾಗಿ ಹೇಳಿದ್ದ. ತುಪ್ಪಟ ಇಟ್ಟದ್ದು ಅವನ ಹೆದರಿಕೆಗೆ. ದೇವರು ಅದನ್ನು ಸಹಿಸಿಕೊಂಡ, ಆದರೆ ಎಲ್ಲರೂ ಹೀಗೇ ಮಾಡಿ ಅಂತ ಎಲ್ಲೂ ಹೇಳಿಲ್ಲ.

ನನಗೆ ದಾರಿ ತೋರಿಸಿದ್ದು ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 16ನೇ ಅಧ್ಯಾಯ. ಯೇಸುವಿನ ಅಪೊಸ್ತಲ ಪೌಲ ಆಸ್ಯಸೀಮೆಯಲ್ಲಿ ಸುವಾರ್ತೆ ಸಾರಬೇಕು ಅಂದುಕೊಂಡ, ಪವಿತ್ರಾತ್ಮ ತಡೆದ. ಬಿಥೂನ್ಯದ ಕಡೆ ಹೊರಟ, ಅಲ್ಲೂ ತಡೆ. ಪೌಲನಂಥವನಿಗೂ ಮುಂದಿನ ಊರು ಯಾವುದು ಅಂತ ಮೊದಲೇ ಗೊತ್ತಿರಲಿಲ್ಲ! ಗೊತ್ತಿಲ್ಲ ಅಂತ ಸುಮ್ನೆ ಕೂತಿರಲಿಲ್ಲ, ನಡೆಯುತ್ತಲೇ ಇದ್ದ. ಮಕೆದೋನ್ಯದವನು ಕರೆದ ದರ್ಶನ ಆದ ಮೇಲೂ "ನಾವು" ನಿಶ್ಚಯಿಸಿಕೊಂಡೆವು ಅಂತ ಬರೆದಿದೆ, ಪೌಲನೊಬ್ಬನೇ ಅಲ್ಲ. ಹೋದ ಮೇಲೆ ಏನಾಯಿತು? ಮಕೆದೋನ್ಯದ ಫಿಲಿಪ್ಪಿ ಊರಲ್ಲಿ ಪೌಲ, ಅವನ ಜೊತೆಗಾರ ಸೀಲ ಇಬ್ಬರಿಗೂ ಏಟು ಬಿತ್ತು, ಕಾಲಿಗೆ ಕೋಳ ಬಿತ್ತು. ದೇವರು ಕರೆದ ಊರಲ್ಲೇ ಜೈಲು. ಕಷ್ಟ ಬಂತು ಅಂದರೆ ದಾರಿ ತಪ್ಪಿದೆ ಅಂತ ಅರ್ಥವಲ್ಲ ಅನ್ನುವುದು ಈ ಅಧ್ಯಾಯ ಓದಿದವರಿಗೆ ಗೊತ್ತಾಗುತ್ತದೆ.

ಆಮೇಲೆ ನಾನು ಚೀಟಿ ಬಿಟ್ಟು ಮನುಷ್ಯರ ಹತ್ತಿರ ಹೋದೆ. ಮನೆಯ ಸಾಲ ಎಷ್ಟಿದೆ ಅಂತ ಅಣ್ಣನ ಜೊತೆ ಕೂತು ಲೆಕ್ಕ ಹಾಕಿದೆ. ಅಪ್ಪನ ಕಾಲಿಗೆ ದಿನಾ ಡ್ರೆಸ್ಸಿಂಗ್ ಯಾರು ಮಾಡುತ್ತಾರೆ ಅಂತ ಯೋಚಿಸಿದೆ. ಜ್ಞಾನ ಕಡಿಮೆಯಿದ್ದರೆ ದೇವರನ್ನು ಕೇಳಿಕೊಳ್ಳಿ, ಹಂಗಿಸದೆ ಕೊಡುತ್ತಾನೆ ಅಂತ ಬೈಬಲಿನ ತನ್ನ ಪತ್ರದಲ್ಲಿ ಯಾಕೋಬನು ಬರೆದಿದ್ದಾನಲ್ಲ, ಆ "ಹಂಗಿಸದೆ" ಅನ್ನುವ ಮಾತು ಹಿಡಿದುಕೊಂಡು ದಿನಾ ಬೆಳಿಗ್ಗೆ ಕೇಳಿದೆ. ಯಾವ ಧ್ವನಿಯೂ ಬರಲಿಲ್ಲ. ಫೆಬ್ರವರಿಯಲ್ಲಿ ಊರಲ್ಲೇ ಉಳಿಯುವುದು ಅಂತ ತೀರ್ಮಾನಿಸಿದೆ.

ಎಲ್ಲ ಸರಾಗವಾಗಲಿಲ್ಲ. ಸಂಬಳ ಎರಡು ಮೂರು ತಿಂಗಳು ತಡ ಆಗುತ್ತಿತ್ತು. ಜೊತೆಯವರು ಸೌದಿಯಿಂದ ಫೋಟೋ ಕಳಿಸಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಆದರೆ ಪ್ರತಿ ರಾತ್ರಿ ಅಪ್ಪನ ಗಾಯ ತೊಳೆದು ಪಟ್ಟಿ ಕಟ್ಟುವಾಗ ಅವರು ಒಂದು ಕೀರ್ತನೆ ಓದುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ. 2016ರಲ್ಲಿ ಅವರು ಕರ್ತನ ಬಳಿಗೆ ಹೋದರು. ಸೌದಿಗೆ ಹೋಗಿದ್ದರೆ ದೇವರು ಅಲ್ಲೂ ನನ್ನ ಜೊತೆ ಇರುತ್ತಿದ್ದ, ಅದರಲ್ಲಿ ನನಗೆ ಅನುಮಾನ ಇಲ್ಲ.

ನೀವು ಕೇಳುತ್ತಿರುವ ಎರಡು ಕೆಲಸದಲ್ಲಿ ಯಾವುದೂ ಪಾಪವಲ್ಲ. ಅದಕ್ಕೇ ಭಯ ಬಿಟ್ಟು ಯೋಚಿಸಿ. ಒಂದು ಮಾತ್ರ ಕೇಳಬೇಕು ಅನ್ನಿಸಿತು: ತಿಂಗಳಿಂದ ದೇವರ ಹತ್ತಿರ ಮಾತಾಡಿದ್ದೀರಿ, ಅಮ್ಮ ಏನಂತಾರೆ ಅಂತ ಬರೆದೇ ಇಲ್ಲ. ಅವರನ್ನು ಕೇಳಿದಿರಾ?