ಖೋ–ಖೋ ಆಡಿಸಿದ ಪಿ.ಇ. ಮೇಷ್ಟ್ರಿಗೆ ನುಡಿನಮನ: ಏನು ಬರೆಯಬೇಕು, ಏನು ಬಿಡಬೇಕು?

ಪ್ರಶ್ನೆ: ನಮ್ಮೂರ ಹೈಸ್ಕೂಲಿನಲ್ಲಿ ಪಿ.ಇ. ಮೇಷ್ಟ್ರಾಗಿದ್ದು ಖೋ–ಖೋ ತಂಡ ಕಟ್ಟಿದವರು ಹೋದ ವಾರ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಓದಿ ಹಂಚುವುದಕ್ಕೆ ಒಂದು ಹಾಳೆಯಷ್ಟು ಬರೆದುಕೊಡಿ ಅಂತ ಮನೆಯವರು ಕೇಳಿದ್ದಾರೆ. ಪಾಠ, ಆಟ, ಸಂಸಾರ ಮೂರೂ ಬರಬೇಕಂತೆ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೇಷ್ಟ್ರ ಪತ್ನಿ ಮಾತಾಡುವ ಸ್ಥಿತಿಯಲ್ಲಿದ್ದರೆ ಮೊದಲು ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಹಳೆಯ ವಿದ್ಯಾರ್ಥಿಗಳ ಸರದಿ ಆಮೇಲೆ. ಪಾಠಕ್ಕೊಂದು, ಆಟಕ್ಕೊಂದು, ಸಂಸಾರಕ್ಕೊಂದು ಪ್ಯಾರಾ ಮಾಡಿದರೆ ಮೂರು ಬೇರೆ ಬೇರೆ ಜನರ ಬಗ್ಗೆ ಬರೆದ ಹಾಗೆ ಕಾಣುತ್ತದೆ. ಮೂರೂ ನಡೆದದ್ದು ಒಬ್ಬರದೇ ದಿನದೊಳಗೆ. ಬೆಳಗಾಗುವ ಮುಂಚೆ ಮೈದಾನ, ಆಮೇಲೆ ಪ್ರಾರ್ಥನೆ ಮತ್ತು ತರಗತಿ, ಶಾಲೆ ಬಿಟ್ಟ ಮೇಲೆ ಮತ್ತೆ ಮೈದಾನ. ಹೋಬಳಿ ಕ್ರೀಡಾಕೂಟ ಶುರುವಾಯಿತೆಂದರೆ ಭಾನುವಾರವೂ ಇಲ್ಲ. ಹಾಗಾದರೆ ರೇಷನ್ ತಂದವರು ಯಾರು, ಮಕ್ಕಳಿಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವರು ಯಾರು, ಬೇರೆ ಊರಲ್ಲಿ ಮ್ಯಾಚ್ ಮುಗಿಸಿ ರಾತ್ರಿ ಬಂದಿಳಿದ ಹುಡುಗರಿಗೆ ಅನ್ನ ಬಡಿಸಿದವರು ಯಾರು? ಇವನ್ನು ಕೇಳಿ. ಉತ್ತರ ಸಿಕ್ಕಿತೆಂದರೆ "ಆದರ್ಶ ಪತಿ, ಮಮತೆಯ ತಂದೆ" ಅನ್ನುವ ಸಾಲು ಬೇಕಾಗುವುದಿಲ್ಲ. ಅವರ ಕೋಚಿಂಗ್‌ನ ಅರ್ಧ ಖರ್ಚು ಮನೆಯೇ ಹೊತ್ತಿದ್ದರೆ ಅದನ್ನೂ ಬರೆಯಿರಿ. ಪತ್ನಿಯ ಹೆಸರು ಕೊನೆಯ ಸಾಲಿನ "ಅಗಲಿದ್ದಾರೆ" ಪಟ್ಟಿಯಲ್ಲಿ ಮಾತ್ರ ಬರುವುದು ನನಗೆ ಸರಿಕಾಣುವುದಿಲ್ಲ.

ಇನ್ನು ಅಳತೆ. ಸಭೆಯಲ್ಲಿ ಗಟ್ಟಿಯಾಗಿ, ತಡೆದು ತಡೆದು ಓದುವಾಗ ನಿಮಿಷಕ್ಕೆ 90ರಿಂದ 100 ಪದ ಸಾಗುತ್ತದೆ. ಐದು ನಿಮಿಷ ದಾಟಿದರೆ ಜನ ಕುರ್ಚಿಯಲ್ಲಿ ಹೊರಳಾಡತೊಡಗುತ್ತಾರೆ. ಆದ್ದರಿಂದ ಓದುವುದಕ್ಕೆ 450 ಪದ, ಹಂಚುವ ಹಾಳೆಗೆ 600 ಪದ ಇರಲಿ. ಮೊದಲು ಉದ್ದದ್ದನ್ನು ಬರೆದು ಅದರಿಂದ ಚಿಕ್ಕದನ್ನು ಕತ್ತರಿಸಿಕೊಳ್ಳಿ. ಚಿಕ್ಕದನ್ನು ಹಿಗ್ಗಿಸಲು ಹೋದರೆ ಬರೀ ವಿಶೇಷಣಗಳೇ ತುಂಬಿಕೊಳ್ಳುತ್ತವೆ.

ಕೋಚ್ ಬಗ್ಗೆ ಬರೆಯುವಾಗ ಎಲ್ಲರೂ ಎಡವುವುದು ಇಲ್ಲೇ: "ಶಿಸ್ತಿನ ಸಿಪಾಯಿ", "ಅಜಾತಶತ್ರು", "ತುಂಬಲಾರದ ನಷ್ಟ". ಇವನ್ನು ಹಾಗೇ ಎತ್ತಿ ಪಕ್ಕದೂರಿನ ಸೊಸೈಟಿ ಅಧ್ಯಕ್ಷರ ಹಾಳೆಗೂ ಅಂಟಿಸಬಹುದು. ಅದರ ಬದಲು ಅವರು ಆಟ ಕಲಿಸಿದ ಕ್ರಮವನ್ನು ಬರೆಯಿರಿ. ಹಳೆಯ ಆಟಗಾರರಿಗೆ "ಮೇಷ್ಟ್ರು ಹೇಗಿದ್ದರು?" ಅಂತ ಕೇಳಬೇಡಿ, "ತುಂಬಾ ಒಳ್ಳೆಯವರು" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹೀಗೆ ಕೇಳಿ: ಮೊದಲ ವಾರ ಏನು ಮಾಡಿಸಿದರು? ಕೂರುವುದೋ, ಏಳುವುದೋ, ಬರೀ ಓಟವೋ? ಮುಟ್ಟುವುದಕ್ಕೆ ಮುಂಚೆಯೇ "ಖೋ" ಅಂದುಬಿಡುವ ಚಟವನ್ನು ಹೇಗೆ ಬಿಡಿಸಿದರು? ಪೋಲ್ ಹತ್ತಿರ ತಿರುಗುವುದನ್ನು, ಡೈವ್ ಹೊಡೆಯುವುದನ್ನು ಮರಳಿನಲ್ಲಿ ಕಲಿಸಿದರೋ, ಗಟ್ಟಿ ನೆಲದಲ್ಲೋ? ಒಂಬತ್ತು ನಿಮಿಷದ ಸರದಿಯಲ್ಲಿ ತಪ್ಪಿಸಿಕೊಂಡು ಓಡುವ ಮೂವರ ಮೊದಲ ಬ್ಯಾಚಿಗೆ ಯಾರನ್ನು ಇಳಿಸುತ್ತಿದ್ದರು, ಯಾಕೆ? 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣಕ್ಕೆ ಸುಣ್ಣದ ಪುಡಿ ಹಾಕುತ್ತಿದ್ದವರು ಯಾರು, ಮಳೆ ಬಂದು ಗೆರೆ ಅಳಿಸಿದಾಗ ಏನು ಮಾಡುತ್ತಿದ್ದರು? ಬೂಟಿಲ್ಲದ ಹುಡುಗರಿಗಾಗಿ ನೆಲದ ಕಲ್ಲು, ಮುಳ್ಳು ಆರಿಸಿದ್ದು ಯಾವಾಗ? ಇದರಲ್ಲಿ ಎರಡಕ್ಕೆ ನಿಖರವಾದ ಉತ್ತರ ಸಿಕ್ಕರೂ ಮೇಷ್ಟ್ರು ಹಾಳೆಯ ಮೇಲೆ ಎದ್ದು ನಿಲ್ಲುತ್ತಾರೆ.

ಮುಂಬೈಯ ಶಿವಾಜಿ ಪಾರ್ಕಿನಲ್ಲಿ ಸಚಿನ್ ತೆಂಡೂಲ್ಕರ್‌ಗೆ ಕಲಿಸಿದ ರಮಾಕಾಂತ್ ಆಚ್ರೇಕರ್ 2019ರ ಜನವರಿ 2ರಂದು ತೀರಿಕೊಂಡಾಗ ಎಲ್ಲರೂ ನೆನೆದದ್ದು ಸ್ಟಂಪ್ ಮೇಲಿಡುತ್ತಿದ್ದ ಒಂದು ರೂಪಾಯಿ ನಾಣ್ಯವನ್ನು. ಔಟ್ ಮಾಡಿದ ಬೌಲರ್‌ಗೆ ನಾಣ್ಯ, ಔಟಾಗದಿದ್ದರೆ ಸಚಿನ್‌ಗೆ. ಆ ಕೋಚ್‌ಗೆ ಹುಡುಗರ ಮನಸ್ಸು ಎಷ್ಟು ಗೊತ್ತಿತ್ತು ಅನ್ನುವುದನ್ನು ಆ ನಾಣ್ಯವೇ ಹೇಳುತ್ತದೆ. ನಿಮ್ಮ ಮೇಷ್ಟ್ರಿಗೂ ಅಂಥದ್ದೊಂದು ಇದ್ದೇ ಇರುತ್ತದೆ, ಹುಡುಕಬೇಕು.

ಆದರೆ ಎದ್ದು ಕಾಣುವ ಸಂಗತಿ ಉಳಿದದ್ದನ್ನು ನುಂಗದ ಹಾಗೆಯೂ ನೋಡಿಕೊಳ್ಳಬೇಕು. ಬೆಂಗಳೂರಿನ ಅಥ್ಲೆಟಿಕ್ಸ್ ಕೋಚ್ ಪುರುಷೋತ್ತಮ ರೈ 2020ರ ಆಗಸ್ಟ್ 28ರಂದು, ತಮ್ಮ 79ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುದಿನವೇ ಅವರು ದ್ರೋಣಾಚಾರ್ಯ ಪ್ರಶಸ್ತಿ ಸ್ವೀಕರಿಸಬೇಕಿತ್ತು. ಕೋವಿಡ್‌ನಿಂದಾಗಿ ಸಮಾರಂಭ ಆನ್‌ಲೈನಿನಲ್ಲಿತ್ತು, ಅದರ ತಾಲೀಮಿಗೂ ಹೋಗಿ ಬಂದಿದ್ದರು. ಸುದ್ದಿಯಾದದ್ದು ಆ ಒಂದು ದಿನದ ಅಂತರ. ಪತ್ರಿಕೆಗೆ ಅದೇ ಸರಿ. ನುಡಿನಮನಕ್ಕೆ ಮುಖ್ಯವಾಗುವುದು ಅವರು 1974ರಲ್ಲಿ ಕೋಚಿಂಗ್ ಶುರು ಮಾಡಿದ್ದು, ಅಶ್ವಿನಿ ನಾಚಪ್ಪ, ವಂದನಾ ರಾವ್, ರೋಸಾ ಕುಟ್ಟಿ ಅಂಥ ಓಟಗಾರ್ತಿಯರನ್ನು ತಯಾರು ಮಾಡಿದ್ದು. ನಿಮ್ಮ ಮೇಷ್ಟ್ರ ಕಾಯಿಲೆ, ಕೊನೆಯ ದಿನಗಳಿಗೂ ಇದೇ ಮಾತು: ಒಂದು ವಾಕ್ಯ ಸಾಕು.

ತಪ್ಪು ನುಸುಳುವ ಜಾಗಗಳು ಕೆಲವಿವೆ. ಹುಟ್ಟಿದ ದಿನಾಂಕ: ಹಿಂದೆ ಶಾಲೆಗೆ ಸೇರಿಸುವಾಗ ಅಂದಾಜಿನ ತಾರೀಖು ಬರೆಸುತ್ತಿದ್ದದ್ದು ಸಾಮಾನ್ಯ, ಹಾಗಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ತಾರೀಖೂ ಮನೆಯವರು ಹೇಳುವ ತಾರೀಖೂ ಬೇರೆಯಾಗಬಹುದು. ಹಾಳೆಗೆ ಮನೆಯವರದ್ದನ್ನು ತೆಗೆದುಕೊಳ್ಳಿ, ನಿವೃತ್ತಿಯ ಲೆಕ್ಕವನ್ನು ಮಾತ್ರ ದಾಖಲೆಯಿಂದ ಹಿಡಿಯಿರಿ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿದ್ದು 2008ರಲ್ಲಿ ಅನ್ನುವುದು ನೆನಪಿರಲಿ. ಯಾವ ಶಾಲೆಯಲ್ಲಿ ಎಷ್ಟು ವರ್ಷ ಅನ್ನುವುದಕ್ಕೆ ಸೇವಾ ವಹಿಯ ನಕಲಿಗಿಂತ ಒಳ್ಳೆಯ ಆಧಾರ ಇಲ್ಲ.

ಆಟದ ಸಾಧನೆಯಲ್ಲಿ ಉತ್ಪ್ರೇಕ್ಷೆ ಇನ್ನೂ ಸುಲಭ. "ಅವರ ತಂಡ ನ್ಯಾಷನಲ್ ಆಡಿತು" ಅಂತ ಯಾರಾದರೂ ಹೇಳಿದರೆ ಸರ್ಟಿಫಿಕೇಟ್ ನೋಡದೆ ಬರೆಯಬೇಡಿ. ಇಲಾಖೆಯ ಕ್ರೀಡಾಕೂಟದಲ್ಲಿ ಶಾಲೆಯ ತಂಡ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಅಂತ ಗೆಲ್ಲುತ್ತಾ ರಾಜ್ಯಮಟ್ಟಕ್ಕೆ ಬರುತ್ತದೆ. ಖೋ–ಖೋದಲ್ಲಿ ರಾಷ್ಟ್ರಮಟ್ಟಕ್ಕೆ ಹೋಗುವುದು ಆಯ್ದ ಆಟಗಾರರ ರಾಜ್ಯ ತಂಡ. ಹಾಗಾಗಿ "ಅವರ ಶಿಷ್ಯರಲ್ಲಿ ಇಂತಿಷ್ಟು ಜನ ರಾಜ್ಯ ತಂಡಕ್ಕೆ ಆಯ್ಕೆಯಾದರು" ಅನ್ನುವುದೇ ಹೆಚ್ಚಿನ ಸಲ ಸರಿಯಾದ ವಾಕ್ಯ. ವರ್ಷ, ಊರು, ವಯೋಮಿತಿ (14 ವರ್ಷದೊಳಗೋ, 17 ವರ್ಷದೊಳಗೋ) ಮೂರನ್ನೂ ನೋಡಿ. ಸಭೆಯಲ್ಲಿ ಎದುರಿಗೆ ಕೂತಿರುವವರು ಅದೇ ಆಟಗಾರರು, ಒಂದು ತಪ್ಪಿದರೂ ಉಳಿದದ್ದನ್ನು ನಂಬುವುದಿಲ್ಲ.

ಶಿಷ್ಯರ ಹೆಸರುಗಳ ಪಟ್ಟಿ ಬೇಡ. ಹತ್ತು ಜನರನ್ನು ಹಾಕಿದರೆ ಹನ್ನೊಂದನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಬ್ಯಾಚಿನ ವರ್ಷ ಹಾಕಿ. ಕುಟುಂಬದ ವಿಷಯದಲ್ಲಿ ಉಲ್ಟಾ, ಅಲ್ಲಿ ಪೂರ್ತಿ ಪಟ್ಟಿಯೇ ಬೇಕು: ಮಗಳು, ಅಳಿಯ, ಸೊಸೆ, ಮೊಮ್ಮಕ್ಕಳು, ಒಡಹುಟ್ಟಿದವರು. ಗಂಡುಮಕ್ಕಳ ಹೆಸರು ಹಾಕಿ ಹೆಣ್ಣುಮಕ್ಕಳನ್ನು "ಮತ್ತು ಕುಟುಂಬ ವರ್ಗ"ಕ್ಕೆ ಸೇರಿಸುವ ರೂಢಿ ಇನ್ನೂ ಇದೆ, ನೀವು ಮುಂದುವರಿಸಬೇಡಿ.

ಬೆತ್ತದ ವಿಷಯ ಬಂದೇ ಬರುತ್ತದೆ. ಹೊಡೆದದ್ದನ್ನು "ಪ್ರೀತಿಯ ಏಟು" ಅಂತ ಬಣ್ಣಿಸುವ ಹಕ್ಕು ಏಟು ತಿಂದವರಿಗೆ ಮಾತ್ರ ಇದೆ. ಅವರು ತಾವಾಗಿ ಹೇಳಿದರೆ ಅವರ ಮಾತಿನಲ್ಲೇ ಹಾಕಿ, ಇಲ್ಲದಿದ್ದರೆ ಬಿಡಿ.

ಫೋಟೋಗೆ ಪಾಸ್‌ಪೋರ್ಟ್ ಸೈಜಿನದನ್ನು ಹಿಗ್ಗಿಸಬೇಡಿ. ಕೊರಳಲ್ಲಿ ವಿಸಿಲ್ ಇರುವ, ಹುಡುಗರ ಜೊತೆ ನಿಂತಿರುವ ಚಿತ್ರ ಇದ್ದರೆ ಅದೇ ಇರಲಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗಿ ಪ್ರಿಂಟಿನಲ್ಲಿ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ನೀವು ಮೊಬೈಲಿನಲ್ಲಿ ಟೈಪ್ ಮಾಡಿದ್ದನ್ನು ಡಿಟಿಪಿಯವರು ನುಡಿ ಅಥವಾ ಶ್ರೀಲಿಪಿ ತಂತ್ರಾಂಶಕ್ಕೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಜಾಗ ಬಿಡುವುದುಂಟು. ಹೆಸರುಗಳನ್ನು ಪರದೆಯ ಮೇಲಲ್ಲ, ತೆಗೆಸಿದ ಒಂದು ಪ್ರತಿಯ ಮೇಲೆ ಪೆನ್ನಿಟ್ಟು ಓದಿ. ಅದೇ ಪ್ರತಿಯನ್ನು ಮೇಷ್ಟ್ರ ಪತ್ನಿಗೋ ಮಗಳಿಗೋ ತೋರಿಸಿ, ಬೇಡವೆಂದ ಸಾಲನ್ನು ಕಾರಣ ಕೇಳದೆ ತೆಗೆಯಿರಿ. ಇದಕ್ಕೆ ಸಭೆಗೆ ಮೂರು ದಿನ ಮುಂಚೆಯೇ ಬರಹ ಪ್ರೆಸ್ಸಿಗೆ ಹೋಗಿರಬೇಕು.